ಮೂರನೆಯ ತಾರೀಖಿನ ಗಿರಾಕಿ

ಡೊಂಬಿವಲಿಯ ನಮ್ಮ ಮನೆಗೆ ಡಿವಿಡಿ ಪ್ಲೇಯರ್ ಬಂದದ್ದು 2001ರ ದಸರೆಗೆ ಮೂರು ವಾರ ಮೊದಲು. ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಒಂದು ಹಳೆಯ ವಿಸಿಆರ್. ಮುಂಬೈ ಮಳೆಗೆ ಅದರ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿದು, ನಮ್ಮ ಮದುವೆಯ ವಿಡಿಯೊದಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ಧಾರವಾಡದ ಕಲ್ಯಾಣಮಂಟಪದೊಳಗೆ ಹಿಮ ಸುರಿಯತೊಡಗುತ್ತಿತ್ತು.

ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದರೂ, ಒಂದು ವಸ್ತುವಿನ ಬೆಲೆ ಅದರ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ ಎಂದೇ ನಾನು ತಿಳಿದಿದ್ದೆ. ಎಂಆರ್‌ಪಿಗಿಂತ ಒಂದು ಪೈಸೆ ಹೆಚ್ಚು ತೆಗೆದುಕೊಂಡರೂ ಅಪರಾಧವೆಂದು ನಮ್ಮ ಕಾನೂನು ಹೇಳುತ್ತದೆ. ಆದರೆ ಆ ಎಂಆರ್‌ಪಿಯೇ ಎಷ್ಟಿರಬೇಕೆಂಬ ವಿಷಯದಲ್ಲಿ, ಔಷಧಿಯಂಥ ಕೆಲವನ್ನು ಬಿಟ್ಟರೆ, ಅದು ಉದಾರವಾಗಿ ಮೌನ ವಹಿಸಿದೆ. ಆದ್ದರಿಂದ ಕಂಪನಿಯವರು ಮೊದಲು ಆಕಾಶದಲ್ಲೊಂದು ಅಂಕಿಯನ್ನು ತೂಗುಹಾಕುತ್ತಾರೆ, ಅಂಗಡಿಯವನು ಅದರಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಾನೆ, ಅವನು ಇಳಿದ ಪ್ರತಿಯೊಂದು ಮೆಟ್ಟಿಲನ್ನೂ ಗಿರಾಕಿಯು ತನ್ನ ಜಾಣತನದ ಫಲವೆಂದು ಎಣಿಸುತ್ತಾನೆ. ಈ ಏರ್ಪಾಡು ಎಲ್ಲರಿಗೂ ಹಿತವಾಗಿರುವುದರಿಂದ ಯಾರೂ ಇದನ್ನು ಕದಲಿಸಲು ಹೋಗುವುದಿಲ್ಲ.

ಎಲೆಕ್ಟ್ರಾನಿಕ್ ಸಾಮಾನೆಂದರೆ ಮುಂಬೈಯ ಲ್ಯಾಮಿಂಗ್ಟನ್ ರಸ್ತೆ. ಹೆಂಡತಿಯನ್ನು ಕರೆದುಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಹೋದ ದಿನ ಭಾನುವಾರವಾಗಿತ್ತು. ಇಡೀ ರಸ್ತೆಯ ಶಟರುಗಳು ಮುಚ್ಚಿದ್ದವು. ಮತ್ತೆ ಬುಧವಾರ, ಅಕ್ಟೋಬರ್ 3ರಂದು, ಅರ್ಧ ದಿನದ ರಜೆ ಹಾಕಿ ಒಬ್ಬನೇ ಹೋದೆ. ಈ ತಾರೀಖನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು, ಏಕೆಂದರೆ ನಾನು ಇಟ್ಟುಕೊಂಡಿರಲಿಲ್ಲ.

ಪೆಟ್ಟಿಗೆಯ ಮೇಲೆ 15,990 ಎಂದಿತ್ತು. ಗಾಜಿನ ಹಿಂದೆ ನಿಲ್ಲಿಸಿದ್ದ ಕೆಂಪು ರಟ್ಟಿನ ಮೇಲೆ 13,990. ಇವೆರಡನ್ನೂ ಬಿಟ್ಟು 'ಕೊನೆಯ ರೇಟು ಎಷ್ಟು?' ಎಂದು ಕೇಳಿದಾಗ ಸೇಠ್ ಬಾಯಿ ತೆರೆಯಲೇ ಇಲ್ಲ. ಅಂಗೈಯಗಲದ ಕ್ಯಾಲ್ಕುಲೇಟರನ್ನು ಎತ್ತಿಕೊಂಡು, ಏನನ್ನೋ ಗುಣಿಸಿ, ಏನನ್ನೋ ಕಳೆದು, ನಿಟ್ಟುಸಿರು ಬಿಟ್ಟು, ಯಂತ್ರವನ್ನು ನನ್ನ ಕಡೆಗೆ ತಿರುಗಿಸಿದ. 13,200. ಬೇರೆ ಗಿರಾಕಿಗಳ ಕಿವಿಗೆ ಬೀಳಬಾರದಷ್ಟು ಗುಟ್ಟಿನ ಬೆಲೆ ಇದು ಎಂಬ ಭಾವ ಅವನ ಮುಖದಲ್ಲಿತ್ತು. ಕ್ಯಾಲ್ಕುಲೇಟರ್ ಹೇಳಿದ್ದು ಲೆಕ್ಕವೇ ಆಗಿರಬೇಕೆಂದು ನಂಬುವುದು ಬ್ಯಾಂಕಿನವರ ದೌರ್ಬಲ್ಯ. ಆಮೇಲೆ ಯೋಚಿಸಿದಾಗ, ಅವನು ಅಷ್ಟು ಹೊತ್ತು ಒತ್ತಿದ ಗುಂಡಿಗಳಿಗೂ ಕೊನೆಗೆ ಮೂಡಿದ ಅಂಕಿಗೂ ಯಾವ ಸಂಬಂಧವೂ ಇದ್ದಿರಲಾರದು ಎನ್ನಿಸಿತು.

ಅರ್ಧ ಗಂಟೆಯ ಚೌಕಾಸಿಯ ನಂತರ 12,900ಕ್ಕೆ ಒಪ್ಪಿಗೆಯಾಯಿತು. ಮೇಲೆ ದಸರೆಯ ಸ್ಕೀಮಿನ ಒಂದು ಇಸ್ತ್ರಿ ಪೆಟ್ಟಿಗೆ. ಗೆದ್ದ ಉತ್ಸಾಹದಲ್ಲಿದ್ದ ನನಗೆ ಸೇಠ್ ಮೆಲ್ಲಗೆ, 'ಅಣ್ಣಾ, ಇಷ್ಟು ಒಳ್ಳೆಯ ಮೆಷೀನಿಗೆ ಪೆಟ್ಟಿಗೆಯೊಳಗಿನ ಸಾಧಾರಣ ವಯರು ಹಾಕುತ್ತೀರಾ?' ಎಂದ. ಚಿನ್ನದ ಲೇಪದ ವಯರಿಗೆ 450 ರೂಪಾಯಿ. ವಯರಿನ ವಿಷಯದಲ್ಲಿ ನಾನು ಚೌಕಾಸಿಯನ್ನೇ ಮಾಡಲಿಲ್ಲ. ಸಂಜೆ ಆರರ ಲೋಕಲ್ಲಿನಲ್ಲಿ ಪ್ಲೇಯರನ್ನು ತಲೆಯ ಮೇಲೂ ಇಸ್ತ್ರಿ ಪೆಟ್ಟಿಗೆಯನ್ನು ಎದೆಗೂ ಹಿಡಿದುಕೊಂಡು ಡೊಂಬಿವಲಿಯವರೆಗೆ ನಿಂತು ಬಂದೆ. ಮನೆಯಲ್ಲಿ ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೆ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: 'ನಮ್ಮ ಮದುವಿ ಕ್ಯಾಸೆಟ್ಟು ಇದರಾಗ ಎಲ್ಲಿ ಹಾಕೂದ್ರೀ?'

ಅದೇ ತಿಂಗಳ ಕೊನೆಯಲ್ಲಿ, ಸ್ಟೇಷನ್ನಿನ ಬಳಿ ಉಡುಪಿ ಹೋಟೆಲು ನಡೆಸುವ ನಮ್ಮ ನೆರೆಮನೆಯವರು ಅದೇ ಅಂಗಡಿಯಿಂದ ಅದೇ ಪ್ಲೇಯರನ್ನು 11,400ಕ್ಕೆ ತಂದರು. ಇಸ್ತ್ರಿ ಪೆಟ್ಟಿಗೆಯೂ ಇತ್ತು. ವಯರನ್ನು ಮಾತ್ರ ಅವರು ಕಣ್ಣೆತ್ತಿಯೂ ನೋಡಿರಲಿಲ್ಲ.

'ಎಂತ ಮಾರಾಯ್ರೆ, ಇಡ್ಲಿಯಲ್ಲಿ ಲಾಭ ಉಂಟಾ?' ಎಂದು ಅವರು ನನಗೆ ಪಾಠ ಹೇಳಿದರು. 'ಇಡ್ಲಿಯ ರೇಟು ಊರಿಗೆಲ್ಲ ಗೊತ್ತುಂಟು, ಎಂಟಾಣೆ ಏರಿಸಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗ್ತಾನೆ. ಚಹಾದ ಲೆಕ್ಕ ಯಾರು ಕೇಳ್ತಾರೆ? ನಮಗೆ ಸಿಕ್ಕುವುದು ಅದರಲ್ಲಿ.' ಪ್ಲೇಯರ್ ಇಡ್ಲಿ, ವಯರು ಚಹಾ. ಹತ್ತು ಅಂಗಡಿ ತಿರುಗಿ ಪ್ಲೇಯರಿನ ಬೆಲೆಯನ್ನು ಹೋಲಿಸುವ ಮನುಷ್ಯ, ಪಕ್ಕವಾದ್ಯಗಳ ಬೆಲೆಯನ್ನು ಒಂದು ಕಡೆಯೂ ವಿಚಾರಿಸುವುದಿಲ್ಲವೆಂಬುದು ಲ್ಯಾಮಿಂಗ್ಟನ್ ರಸ್ತೆಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟಾದರೂ ಆ 1,500 ರೂಪಾಯಿ ನನ್ನ ನಿದ್ದೆ ಕೆಡಿಸಿತು. ಆಗ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ಪಕ್ಕದಲ್ಲಿ ದಪ್ಪ ಮಾರ್ಕರಿನಿಂದ ಬರೆದಿದ್ದ ನಾಲ್ಕು ಇಂಗ್ಲಿಷ್ ಅಕ್ಷರಗಳು: ಬಿ, ಡಬ್ಲ್ಯು, ಎನ್, ಡಿ. ನನ್ನ ಸೋದರಮಾವ ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಒಂದೂ ಅಕ್ಷರ ಮರುಕಳಿಸದ ಹತ್ತಕ್ಷರಗಳ ಗುಟ್ಟಿನ ಮಾತೊಂದನ್ನು ಆರಿಸಿಕೊಂಡು, ಒಂದರಿಂದ ಸೊನ್ನೆಯವರೆಗಿನ ಅಂಕಿಗಳಿಗೆ ಒಂದೊಂದಕ್ಷರ ಹಂಚಿ, ಅಸಲು ಬೆಲೆಯನ್ನು ಗಿರಾಕಿಯ ಕಣ್ಣೆದುರಿಗೇ ಸೀರೆಯ ಚೀಟಿಯ ಮೇಲೆ ಬರೆಯುತ್ತಿದ್ದರು. ಸೇಠ್‌ನ ಗುಟ್ಟು ನನ್ನ ಕೈಗೆ ಸಿಕ್ಕಿತ್ತು! ಎಂಟು ರಾತ್ರಿ ಕಾಗದ ಪೆನ್ನು ಹಿಡಿದು ಕುಳಿತೆ. ಹತ್ತಕ್ಷರದ ಪದಗಳಿಗಾಗಿ ಮಗಳ ಶಾಲೆಯ ನಿಘಂಟನ್ನು ಜಾಲಾಡಿದೆ. ಕೊನೆಗೆ ಅಸಲು 9,850 ಎಂಬ ನಿರ್ಣಯಕ್ಕೆ ಬಂದು, ಪುರಾವೆಯನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಅಂಗಡಿಗೆ ಹೋದೆ.

ಸೇಠ್ ಕಾಗದವನ್ನು ಗೌರವದಿಂದಲೇ ಓದಿದ. ಆಮೇಲೆ ಆಳಿಗೆ ಚಹಾ ತರಲು ಹೇಳಿ, 'ಅಣ್ಣಾ, ಅದು ಭಿವಂಡಿ' ಎಂದ. ಮಾಲು ಯಾವ ಗೋದಾಮಿನಿಂದ ಬಂತೆಂದು ಟೆಂಪೊದವನು ಬರೆದ ಗುರುತು! ಮುಂಬೈ ಪಾಲಿಕೆಯ ಜಕಾತಿ ಗಡಿಯ ಹೊರಗಿದ್ದ ಕಾರಣಕ್ಕಾಗಿಯೇ ಭಿವಂಡಿಯ ಸುತ್ತ ಗೋದಾಮುಗಳು ಬೆಳೆದಿದ್ದವು; ಅಲ್ಲಿಂದ ನಗರದೊಳಗೆ ಬರುವಾಗ ಮಾಲಿನ ಮೇಲೆ ಜಕಾತಿ ಬೀಳುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೂ ಈ ಪದ್ಧತಿ ನಡೆದೇ ಇತ್ತು. ಭಿವಂಡಿ ಇರುವುದು ಡೊಂಬಿವಲಿಯಿಂದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ದಡದ ಕಡೆಗೆ. ಅಂದರೆ, ನಮ್ಮ ಮನೆಯ ಹಿತ್ತಲಿನಲ್ಲೇ ಇದ್ದಂತಿದ್ದ ಪೆಟ್ಟಿಗೆಯೊಂದು ಟೆಂಪೊ ಹತ್ತಿ, ಜಕಾತಿ ಕೊಟ್ಟು, ಲ್ಯಾಮಿಂಗ್ಟನ್ ರಸ್ತೆಯನ್ನು ಸೇರಿತ್ತು. ಅದನ್ನು ಅಷ್ಟೂ ಖರ್ಚಿನ ಸಮೇತ ಕೊಂಡು, ತಲೆಯ ಮೇಲೆ ಹೊತ್ತು, ಬಂದ ದಿಕ್ಕಿಗೇ ನಾನು ಮರಳಿಸಿದ್ದೆ.

ನನ್ನ ಮುಖ ನೋಡಿ ಸೇಠ್‌ಗೆ ಕನಿಕರ ಬಂದಿರಬೇಕು. ಅಸಲು ವಿಷಯವನ್ನು ಅವನೇ ಹೇಳಿದ. ಕಂಪನಿಯವರು ತಿಂಗಳಿಗೆ ಇಷ್ಟು ಪ್ಲೇಯರ್ ಮಾರಬೇಕೆಂದು ಟಾರ್ಗೆಟ್ ಕೊಡುತ್ತಾರೆ. ಅದು ಮುಟ್ಟಿದರೆ ಮಾರಿದ ಅಷ್ಟೂ ಪೀಸುಗಳ ಮೇಲೆ ಇನ್ಸೆಂಟಿವ್. ಮುಟ್ಟದಿದ್ದರೆ ಏನೂ ಇಲ್ಲ. ಇಪ್ಪತ್ತೆಂಟನೆಯ ತಾರೀಖಿಗೆ ಎರಡು ಪೀಸು ಕಡಿಮೆ ಬಿದ್ದರೆ, ಆ ಎರಡನ್ನು ಕೊಂಡ ಬೆಲೆಗಿಂತ ಕಡಿಮೆಗೆ ಕೊಟ್ಟರೂ ಅವನಿಗೆ ಲಾಭವೇ. ಹೊಸ ಮಾದರಿ ಬಂದು ಬೆಲೆ ಇಳಿದರೆ ಉಳಿದ ಮಾಲಿಗೆ ಕಂಪನಿಯಿಂದ ವ್ಯತ್ಯಾಸದ ಹಣ ತುಂಬಿಕೊಡುವ ಕ್ರೆಡಿಟ್ ನೋಟ್ ಬರುತ್ತದೆ, ಆದರೆ ಅದು ಬರುವಷ್ಟರಲ್ಲಿ ಇನ್ನೊಂದು ಮಾದರಿ ಬಂದಿರುತ್ತದೆ; ಆ ಭಯಕ್ಕೂ ಅವನು ತಿಂಗಳ ಕೊನೆಯಲ್ಲಿ ಕೈ ಸಡಿಲಿಸುತ್ತಾನೆ. ತಿಂಗಳ ಮೊದಲ ವಾರದಲ್ಲಿ ಅವನಿಗೆ ಯಾವ ಅವಸರವೂ ಇರುವುದಿಲ್ಲ. ಸಂಬಳದವರು ಬರುವುದು ಆಗಲೇ. ಅವರ ಜೇಬು ತುಂಬಿದಾಗ ಬೆಲೆ ಏರಿರುತ್ತದೆ, ಬೆಲೆ ಇಳಿಯುವ ಹೊತ್ತಿಗೆ ಜೇಬು ಬರಿದಾಗಿರುತ್ತದೆ. ದಿನದ ಗಲ್ಲಾಪೆಟ್ಟಿಗೆ ಇರುವ ಹೋಟೆಲಿನವರಿಗೆ ಈ ತೊಂದರೆಯಿಲ್ಲ.

ಇದು ಮೋಸವೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಹೊಸ ಯಂತ್ರ ಬಂದಾಗ ತಡೆಯಲಾರದವರು ಮೊದಲು ಹೆಚ್ಚು ತೆರುತ್ತಾರೆ, ತಾಳ್ಮೆಯವರು ಆಮೇಲೆ ಕಡಿಮೆಗೆ ಕೊಳ್ಳುತ್ತಾರೆ. ಅಂಗಡಿಯವನು ಗಿರಾಕಿಯ ಅವಸರವನ್ನು ತೂಕ ಮಾಡುತ್ತಾನೆ, ಅಷ್ಟೆ.

ತಾಳ್ಮೆಗೂ ಅಪಾಯವುಂಟೆಂದು ತಿಳಿದದ್ದು 2008ರಲ್ಲಿ. ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಹೊಸ ಬಗೆಯ ಡಿಸ್ಕ್ ಎಚ್‌ಡಿ ಡಿವಿಡಿ; ಅದನ್ನು ಹಾಕುವ ತೋಷಿಬಾದ ಮೊದಲ ಪ್ಲೇಯರ್ 2006ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 499 ಡಾಲರಿಗೆ ಬಂದಿತ್ತು. 2007ರ ನವೆಂಬರ್‌ನಲ್ಲಿ ವಾಲ್‌ಮಾರ್ಟ್ ಮುಂದಿನ ಮಾದರಿಯೊಂದನ್ನು 98.87 ಡಾಲರಿಗೆ ಮಾರಿತು. ಹೆಂಡತಿಯ ತಮ್ಮ ಆ ನೂಕುನುಗ್ಗಲಿನಲ್ಲಿ ನಿಂತು ನಮಗೊಂದನ್ನು ಕೊಂಡು, ಮಾರ್ಚ್‌ನಲ್ಲಿ ಊರಿಗೆ ಬರುವಾಗ ಹೆಮ್ಮೆಯಿಂದ ತಂದ: 'ಭಾವ, ನೂರು ಡಾಲರಿಗೂ ಕಡಿಮಿ!' ಪ್ರತಿಸ್ಪರ್ಧಿ ಬ್ಲೂ-ರೇ ಡಿಸ್ಕಿನ ಎದುರು ಸೋತು ತೋಷಿಬಾ ಆ ಪದ್ಧತಿಯನ್ನು ಕೈಬಿಟ್ಟದ್ದು ಫೆಬ್ರವರಿ 19ರಂದು. ಹಾಕಲು ಹೊಸ ಡಿಸ್ಕ್ ಬರುವಂತಿರಲಿಲ್ಲ. ನಮ್ಮಲ್ಲಿದ್ದ ಡಿವಿಡಿಗಳನ್ನು ಹಾಕಿದರೆ, ಅವುಗಳಲ್ಲಿ ಹೆಚ್ಚಿನವು ಭಾರತದ ಐದನೆಯ ವಲಯದವು, ಯಂತ್ರ ಅಮೆರಿಕದ ಒಂದನೆಯ ವಲಯದ್ದು; ಒಂದು ವಲಯದ ಡಿವಿಡಿ ಇನ್ನೊಂದು ವಲಯದ ಯಂತ್ರದಲ್ಲಿ ಓಡುವುದಿಲ್ಲ. ಅದಕ್ಕಿಂತ ಮೊದಲು ಅದಕ್ಕೆ ನಮ್ಮ ಕರೆಂಟೇ ಆಗುತ್ತಿರಲಿಲ್ಲ. ವೋಲ್ಟೇಜನ್ನು ಇಳಿಸಿಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಿತ್ತು.

ಈ ಸಲ ನಾನು ಬುದ್ಧಿವಂತನಾಗಿದ್ದೆ. ಮಾರ್ಚ್ 29ರವರೆಗೆ ಕಾದು, ಅದೇ ಅಂಗಡಿಗೆ ಹೋಗಿ ಟ್ರಾನ್ಸ್‌ಫಾರ್ಮರ್ ಕೇಳಿದೆ. ತೆಂಗಿನಕಾಯಿಯಷ್ಟು ಭಾರದ ಒಂದು ಕಪ್ಪು ಡಬ್ಬಿಯನ್ನು ಗಾಜಿನ ಮೇಲಿಟ್ಟು ಸೇಠ್ ಕ್ಯಾಲ್ಕುಲೇಟರ್ ತಿರುಗಿಸಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆಗೆ ಅರ್ಥಪೂರ್ಣವಾಗಿ ನೋಡಿದೆ. ಅವನೂ ಅತ್ತ ನೋಡಿ, ಕ್ಯಾಲ್ಕುಲೇಟರಿನ ಅಂಕಿಯನ್ನು ಅಳಿಸದೆ ಹೇಳಿದ:

'ಅಣ್ಣಾ, ಟ್ರಾನ್ಸ್‌ಫಾರ್ಮರಿಗೆ ಟಾರ್ಗೆಟ್ ಇಲ್ಲ.'