ಇದರ ಕಂಪ್ಯೂಟರ್ ಎಲ್ಲೈತಿ?

ಮೊನ್ನೆ ಅಣ್ಣನ ಮಗ ಆಕಾಶಬುಟ್ಟಿ ಇಳಿಸಲು ಅಟ್ಟ ಹತ್ತಿದವನು ನನ್ನ ಹಳೆ ಸ್ಪೆಕ್ಟ್ರಮ್ ಕಂಪ್ಯೂಟರನ್ನೂ ಇಳಿಸಿಬಿಟ್ಟ. ಧೂಳು ಊದಿ, ರಬ್ಬರ್ ಗುಂಡಿಗಳನ್ನು ಎರಡು ಸಲ ಒತ್ತಿ, “ಕಾಕಾ, ಕೀಬೋರ್ಡ್ ಸಿಕ್ತು. ಇದರ ಕಂಪ್ಯೂಟರ್ ಎಲ್ಲೈತಿ?” ಎಂದ. ಇದೇ ಪ್ರಶ್ನೆಯನ್ನು ನನಗೆ ಕಸ್ಟಮ್ಸಿನವರೂ ಕೇಳಿದ್ದರು. ಅವರಿಗೆ ಹೇಳಿದ್ದನ್ನೆಲ್ಲ ಇವನಿಗೆ ಮತ್ತೆ ಹೇಳುವ ತಾಳ್ಮೆ ನನಗಿರಲಿಲ್ಲ. “ಹೊಳ್ಳಿ ಅಲ್ಲೇ ಇಡು” ಎಂದೆ.

ನಮ್ಮ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೊರದೇಶದ ವಿಮಾನ ಬರುವುದಿಲ್ಲ. ಹಾಗಾಗಿ ಬೆಳಗಾವಿಯವರ ಮಾನ ಹೋಗುವುದೇನಿದ್ದರೂ ಪರ ಊರಲ್ಲಿ. ಯಾವ ಊರು ಅನ್ನೋದು ಬೇಡ. 2019ರಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಸಂತೆಯಲ್ಲಿ ಕೊಂಡ, ಕೀಬೋರ್ಡಿನೊಳಗೇ ಇಡೀ ಕಂಪ್ಯೂಟರ್ ಇರುವ ಈ 1982ರ ಯಂತ್ರ, ನಾಲ್ಕು ಕ್ಯಾಸೆಟ್, ಒಂದು ಹೊರೆ ವೈರು. ಎಕ್ಸ್‌ರೇ ಪರದೆಯಲ್ಲಿ ಅದು ಹೇಗೆ ಕಂಡಿತೋ, ನನ್ನನ್ನು ಪಕ್ಕಕ್ಕೆ ಕರೆದರು.

“ಪರದೆ ಎಲ್ಲಿ?”

“ಮನೆ ಟಿವಿಗೆ ಹಚ್ಚಬೇಕು ಸಾರ್.”

“ಪ್ರೋಗ್ರಾಮು?”

“ಟೇಪ್ ರೆಕಾರ್ಡರ್‌ನಿಂದ ಬರುತ್ತೆ.”

ಸಾಹೇಬರು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಒಬ್ಬರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು ಎಂದು ನಾನು ಓದಿಕೊಂಡು ಹೋಗಿದ್ದೆ. ಇದನ್ನೂ ತೊಡೆಯ ಮೇಲೆ ಇಟ್ಟುಕೊಳ್ಳಬಹುದು ಎಂದೆ. ಅವರು ನಗಲಿಲ್ಲ. ಆಂಟಿಕ್ ಅಂತಾದರೂ ನೋಡಿ ಎಂದೆ. ಅದಕ್ಕೆ ನೂರು ವರ್ಷ ದಾಟಿರಬೇಕಂತೆ. ಅಂದರೆ ನಾನು 2082ರಲ್ಲಿ ಬರಬೇಕಿತ್ತು. ಅಷ್ಟರಲ್ಲಿ ನನ್ನ ಹಿಂದಿದ್ದವರೊಬ್ಬರು ಆಳೆತ್ತರದ ಟಿವಿಗೆ 38.5 ಪರ್ಸೆಂಟ್ ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟು ಹೊರಟೇ ಹೋದರು. ಟಿವಿ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಲ್ವಾ, ಅದರ ಸುಖವೇ ಬೇರೆ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಅಜ್ಜನ ತಂಬೂರಿ.

ಜಕಾತಿ ನಾಕಾ ಇದ್ದ ಕಾಲ. ಕರ್ನಾಟಕದಲ್ಲಿ ಅದು ಹೋದದ್ದು 1979ರಲ್ಲಿ. ಅದಕ್ಕೂ ಮೊದಲು ಊರೊಳಗೆ ಏನೇ ತಂದರೂ ಗುಮಾಸ್ತನಿಗೆ ತೋರಿಸಿ, ದುಡ್ಡು ಕೊಟ್ಟು ಬರಬೇಕಿತ್ತು. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಪಕ್ಕದಲ್ಲೇ ಇದೆ. ಆದ್ದರಿಂದ ಇಲ್ಲಿಯ ನೀರು ಕುಡಿದವರಿಗೆಲ್ಲ ಹಾಡು ಬರಲೇಬೇಕು ಎಂದು ಅಜ್ಜ ನಂಬಿದ್ದರು. ಅತ್ತೆಗೆ ಕಲಿಸುತ್ತೇನೆಂದು ಮಿರಜಿಗೆ ಹೋಗಿ ತಂಬೂರಿ ಕೊಂಡರು. ಮೀಟರ್ ಗೇಜ್ ರೈಲಿನಲ್ಲಿ ಅದಕ್ಕೆ ಕಿಟಕಿ ಸೀಟು, ಅಜ್ಜ ನಿಂತು. ಹಳೆ ಧೋತರ ಸುತ್ತಿದ್ದರಿಂದ ಕೂಸು ಮಲಗಿದೆ ಎಂದು ಯಾರೂ ಏಳಿಸಲಿಲ್ಲವಂತೆ.

ನಾಕಾದಲ್ಲಿ ಗುಮಾಸ್ತ ಧೋತರ ಬಿಚ್ಚಿಸಿದ. ಕೆಳಗಿನ ಬುರುಡೆಯನ್ನು ಬೆರಳ ಗಂಟಿನಿಂದ ತಟ್ಟಿದ. “ಇದು ಕುಂಬಳಕಾಯಿ ಐತಲ್ರೀ?”

“ಒಣಗಿಸಿದ್ದು” ಎಂದರು ಅಜ್ಜ. ಅವರು ಸುಳ್ಳು ಹೇಳುವವರಲ್ಲ.

ಗುಮಾಸ್ತನಿಗೆ ಅಷ್ಟೇ ಸಾಕಾಯಿತು. ಪುಸ್ತಕದಲ್ಲಿ ವಾದ್ಯ ಹುಡುಕುವುದಕ್ಕಿಂತ ಕಾಯಿಪಲ್ಲೆ ಬರೆಯುವುದು ಸಲೀಸು, ದರವೂ ಕಡಿಮೆ. ಬೇರೆ ಯಾರಾದರೂ ಆಗಿದ್ದರೆ ಗಪ್ಪನೆ ಕಾಸು ಕೊಟ್ಟು ಟಾಂಗಾ ಹತ್ತುತ್ತಿದ್ದರು. ಅಜ್ಜ ಹತ್ತಲಿಲ್ಲ. ತಂಬೂರಿ ಅಂತಲೇ ಬರೆಯಬೇಕು ಎಂದು ಹಟ ಹಿಡಿದರು. ಹಾಗಾದರೆ ಬಾರಿಸಿ ತೋರಿಸ್ರಿ ಎಂದ ಗುಮಾಸ್ತ. ಅಜ್ಜನಿಗೆ ಬರುತ್ತಿರಲಿಲ್ಲ. ಆದರೂ ನಾಕಾದ ಬೆಂಚಿನ ಮೇಲೆ ಕೂತು, ರೈಲಿನಲ್ಲಿ ಕುಲುಕಿ ಶ್ರುತಿ ಕೆಟ್ಟ ನಾಲ್ಕೂ ತಂತಿ ಮೀಟಿದರು. ಸಂತೆಗೆ ಬಂದ ಎಮ್ಮೆಯೊಂದು ತಿರುಗಿ ನೋಡಿತಂತೆ. ಎಮ್ಮೆ ನಮ್ಮ ದೊಡ್ಡಪ್ಪ ಸೇರಿಸಿದ್ದು ಎಂದು ನನ್ನ ಅನುಮಾನ. ಕೊನೆಗೆ ಗುಮಾಸ್ತ ಬೇಸತ್ತು ವಾದ್ಯ ಎಂದು ಬರೆದ. ಅಜ್ಜ ಜಾಸ್ತಿ ದುಡ್ಡು ಕೊಟ್ಟು, ಟಾಂಗಾ ತಪ್ಪಿಸಿಕೊಂಡು, ತಂಬೂರಿ ಹೆಗಲಿಗೇರಿಸಿ ನಡೆದು ಬಂದರು. ಆ ಪಾವತಿ ಬಹಳ ದಿನ ದೇವರ ಗೂಡಿನಲ್ಲಿತ್ತು. ಅತ್ತೆ ಹಾಡು ಕಲಿತದ್ದು ಮೂರು ತಿಂಗಳು.

ಈಗ ಪುಣೆಯಿಂದ ನೆಂಟರು ಬಂದಾಗಲೆಲ್ಲ ಆ ತಂಬೂರಿ ಅಟ್ಟದಿಂದ ಇಳಿಯುತ್ತದೆ. ತಂತಿ ಇಲ್ಲ, ಬುರುಡೆ ಸೀಳಿದೆ. ಆದರೂ ಫೋಟೊ ತೆಗೆದುಕೊಂಡು “ಎಂಥಾ ಸಂಸ್ಕಾರ!” ಎನ್ನುತ್ತಾರೆ. ಪಕ್ಕದಲ್ಲೇ ಇರುವ ಸ್ಪೆಕ್ಟ್ರಮ್ ಮಾತ್ರ ಗುಜರಿ. ಎರಡೂ ನುಡಿಯುವುದಿಲ್ಲ, ಎರಡನ್ನೂ ಬಾರಿಸಲು ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಹಿತ್ತಾಳೆ, ಕಟ್ಟಿಗೆ ಆದರೆ ಪರಂಪರೆ, ಪ್ಲಾಸ್ಟಿಕ್ ಆದರೆ ಕಸ. ಇದ್ಯಾವ ನ್ಯಾಯ? ನನ್ನ ಹೆಂಡತಿಯಂತೂ ಪ್ರತಿ ದೀಪಾವಳಿಗೆ ಗುಜರಿಯವನ ಕೂಗು ಕೇಳಿದ ಕೂಡಲೇ ಅಟ್ಟದ ಕಡೆ ನೋಡುತ್ತಾಳೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಸುಮ್ನೆ ನೋಡುತ್ತಾಳೆ.

ಅಂದು ಕಸ್ಟಮ್ಸ್ ಸಾಹೇಬರು ಕೊನೆಗೆ “ಚಾಲೂ ಇದೆಯಾ?” ಎಂದು ಕೇಳಿದರು. ಇಲ್ಲ ಎಂದೆ. ಅವರ ಮುಖ ಒಮ್ಮೆಲೇ ಹಗುರಾಯಿತು. “ಹಳೆ ಕೀಬೋರ್ಡ್ ಅಲ್ವಾ? ತಗೊಂಡು ಹೋಗಿ” ಎಂದು ಕೈ ಬೀಸಿದರು. ಸುಂಕವಿಲ್ಲ, ರಸೀದಿಯಿಲ್ಲ.

ಕೀಬೋರ್ಡ್ ಅಲ್ಲ ಸಾರ್, ಕಂಪ್ಯೂಟರ್ ಅಂತಲೇ ಬರೆಯಿರಿ ಎನ್ನಬೇಕಿತ್ತು. ಗಂಟಲವರೆಗೆ ಬಂದಿತ್ತು. ಬೆಳಗಾವಿ ಬಸ್ಸಿಗೆ ಎರಡು ತಾಸು ಮಾತ್ರ ಉಳಿದಿತ್ತು. “ಥ್ಯಾಂಕ್ಯೂ ಸಾರ್” ಎಂದು ಜಿಪ್ ಎಳೆದುಕೊಂಡು ಬಂದೆ.

“ಎಲ್ಲಿಡ್ಲಿ ಕಾಕಾ?” ಹುಡುಗ ಇನ್ನೂ ಏಣಿಯ ಮೇಲೇ ಇದ್ದ.

“ತಂಬೂರಿ ಬಾಜೂಕ.”

“ತಂಬೂರಿ ಯಾವುದು? ಈ ಕುಂಬಳಕಾಯಿನಾ?”