ಕುಮಟಾ ಹತ್ತಿ, ಕೊಚ್ಚಿ ಮೆಣಸಿನಕಾಯಿ

ರಫ್ತು ಎಂಬುದು ಹೊಲದಲ್ಲಲ್ಲ, ಗೋಡೆಯ ಮೇಲೆ ಬೆಳೆಯುವ ಬೆಳೆ ಎಂಬ ತಿಳಿವಳಿಕೆ ನನಗೆ ಬಂದದ್ದು ಕಳೆದ ತಿಂಗಳು, ಹುಬ್ಬಳ್ಳಿಯ ಸಭಾಭವನವೊಂದರಲ್ಲಿ. ಕಿಟಕಿಗಳಿಗೆ ಪರದೆ ಎಳೆದು ದೀಪ ಆರಿಸಿದ ಮೇಲೆ, ಧಾರವಾಡ ಜಿಲ್ಲೆಯ ಮೂವತ್ತು ವರ್ಷಗಳ ಸರಕು ರಫ್ತಿನ ‘ದೀರ್ಘಕಾಲೀನ ಪ್ರವೃತ್ತಿ’ಯನ್ನು ತೋರಿಸುವ ಹಸಿರು ಬಾಣವೊಂದು ಬೆಳ್ಳಿಪರದೆಯ ಎಡಮೂಲೆಯಲ್ಲಿ ಹುಟ್ಟಿ, ಏರುತ್ತ ಏರುತ್ತ ಪರದೆ ಸಾಲದೆ ಗೋಡೆಗೆ ಹತ್ತಿ, ಅಲ್ಲಿ ತೂಗುಹಾಕಿದ್ದ ನಿಂತ ಗಡಿಯಾರದ ಮೇಲೆ ಹೋಗಿ ನಿಂತಿತು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು; ಸಭೆಯೂ ತಟ್ಟಿತು.

ಬಾಣ ಅಷ್ಟು ಎತ್ತರಕ್ಕೆ ಏರಿದ್ದರಲ್ಲಿ ಬಡ ರೂಪಾಯಿಯ ತ್ಯಾಗವಿತ್ತೆಂಬುದನ್ನು ಯಾರೂ ಸ್ಮರಿಸಲಿಲ್ಲ. 1995ರಲ್ಲಿ ಒಂದು ಡಾಲರಿಗೆ ಸುಮಾರು 32 ರೂಪಾಯಿ ಇದ್ದದ್ದು 2024ರಲ್ಲಿ 83ನ್ನು ದಾಟಿತ್ತು. ಆದ್ದರಿಂದ ಅದೇ ಚೀಲವನ್ನು ಅದೇ ಡಾಲರ್ ದರಕ್ಕೆ ಹಡಗು ಹತ್ತಿಸಿದವನೂ ಕೈಕಾಲು ಅಲ್ಲಾಡಿಸದೆ ರೂಪಾಯಿಯ ಲೆಕ್ಕದಲ್ಲಿ ಎರಡೂವರೆ ಪಟ್ಟು ಪ್ರಗತಿ ಸಾಧಿಸಿರುತ್ತಾನೆ. ಬಾಣ ಕುಸಿದದ್ದು ಒಂದೇ ಕಡೆ, 1997ರಲ್ಲಿ. ಅದಕ್ಕೆ ಆ ವರ್ಷದ ಆಗ್ನೇಯ ಏಷ್ಯಾದ ಹಣಕಾಸು ಬಿಕ್ಕಟ್ಟೇ ಕಾರಣವೆಂದು ಅಧಿಕಾರಿಗಳು ಗಂಭೀರವಾಗಿ ವಿವರಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಹಾವೇರಿ ಮತ್ತು ಗದಗ ಧಾರವಾಡದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಗಳಾದವು ಎಂಬ ಸಣ್ಣ ಸಂಗತಿ ಥಾಯ್ಲೆಂಡಿನಲ್ಲಿ ಶುರುವಾದ ಆ ಬಿಕ್ಕಟ್ಟಿನ ಗದ್ದಲದಲ್ಲಿ ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆಸ್ತಿ ಪಾಲಾದ ಮನೆಯಲ್ಲಿ ದೊಡ್ಡಣ್ಣನ ಪಾಲು ಕಡಿಮೆಯಾದದ್ದಕ್ಕೆ ಪರದೇಶದ ಬ್ಯಾಂಕನ್ನು ಬೈದಂತೆ. (ಜಿಲ್ಲಾವಾರು ರಫ್ತಿನ ಲೆಕ್ಕವನ್ನು ಆ ಕಾಲದಲ್ಲಿ ಯಾರು ಇಟ್ಟಿದ್ದರು ಎಂದು ಕೇಳುವುದು ಶಿಷ್ಟಾಚಾರವಲ್ಲ.)

ಅನಂತರ ಮೆಣಸಿನಕಾಯಿಯ ಸರದಿ ಬಂದಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಅಂದರೆ ಅದು ಇಂಥ ನೆಲದ್ದೇ ಎಂದು ಸರ್ಕಾರವೇ ಮುದ್ರೆ ಒತ್ತಿದೆ. ಕುಂದಗೋಳದ ಎರಿಹೊಲದಲ್ಲಿ ಬೆಳೆದ ‘ಡಬ್ಬಿ’ ತಳಿಯ ಕಾಯಿ ಬ್ಯಾಡಗಿ ಮಾರುಕಟ್ಟೆಗೆ ಬಂದು, ದಲಾಲರ ಅಂಗಡಿಯ ಮುಂದೆ ಲಾಟಾಗಿ ಬಿದ್ದು, ಹೆಣ್ಣುಮಕ್ಕಳ ಕೈಯಲ್ಲಿ ತೊಟ್ಟು ಬಿಡಿಸಿಕೊಂಡು ಲಾರಿ ಹತ್ತುತ್ತದೆ. ಅದರ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೋರೆಸಿನ್ ಎಂಬ ಗಟ್ಟಿ ಕೆಂಪೆಣ್ಣೆಯನ್ನು ತೆಗೆಯುತ್ತಾರೆ, ಅದು ಪರದೇಶದ ಸಾಸಿಗೂ ಸಾಸೇಜಿಗೂ ತುಟಿಯ ಬಣ್ಣಕ್ಕೂ ಸೇರುತ್ತದೆ. ಆದರೆ ಆ ಎಣ್ಣೆ ತೆಗೆಯುವ ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಕೇರಳದ ಕೊಚ್ಚಿಯ ಆಸುಪಾಸಿನಲ್ಲಿ. ರಫ್ತುದಾರರು ಕಸ್ಟಮ್ಸಿಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿನಲ್ಲಿ ‘ಮೂಲ ಜಿಲ್ಲೆ’ ಎಂಬ ಕಾಲಂ ಇದೆ. ಕಾಯಿ ಎಣ್ಣೆಯಾದೊಡನೆ ಆ ಕಾಲಂನಲ್ಲಿ ಕಾರ್ಖಾನೆಯ ಜಿಲ್ಲೆ ಬಂದು ಕೂರುತ್ತದೆ. ಹೀಗೆ ನಮ್ಮ ಮಗಳು ಕಡಲ ದಂಡೆ ಮುಟ್ಟುವ ಮೊದಲೇ ಗಂಡನ ಮನೆಯ ಅಡ್ಡಹೆಸರು ಪಡೆದು, ಮಲಯಾಳಿಯಾಗಿ ಹಡಗು ಹತ್ತುತ್ತಾಳೆ. ನಿಯಮದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ತಪ್ಪಿಲ್ಲವೆಂಬುದೇ ಇದರ ಸೊಗಸು.

ತವರಿನವರ ಹೆಸರು ಅಳಿಸುವ ಈ ಪದ್ಧತಿ ಹೊಸದೂ ಅಲ್ಲ. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರವರೆಗೆ ಅಲ್ಲಿಯ ಹತ್ತಿ ಸಿಗದೆ ಇಂಗ್ಲೆಂಡಿನ ಲ್ಯಾಂಕಾಶೈರಿನ ಬಟ್ಟೆ ಗಿರಣಿಗಳು ಬಾಯಿ ಬಿಟ್ಟಾಗ, ಧಾರವಾಡ ಸೀಮೆಯ ಅರಳೆ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿ ಮಾರ್ಗವಾಗಿ ಲಿವರ್‌ಪೂಲ್ ಸೇರುತ್ತಿತ್ತು. ಹುಬ್ಬಳ್ಳಿ ಗದಗಿನ ಎರಿಭೂಮಿಯಲ್ಲಿ ಬೆಳೆದ ನಮ್ಮ ದೇಶಿ ಹತ್ತಿಗೆ ಅಲ್ಲಿಯ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ’. ಕರಾವಳಿಯ ಮರಳಿನಲ್ಲಿ ಹತ್ತಿ ಹೇಗೆ ಬೆಳೆಯುತ್ತದೆ ಎಂದು ಲ್ಯಾಂಕಾಶೈರಿನಲ್ಲಿ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಅಂದು ಬಂಡಿಗಳಾದರೂ ಘಟ್ಟ ಇಳಿಯುತ್ತಿದ್ದವು. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾತ್ರ ಇನ್ನೂ ಕಡತ ಇಳಿದಿಲ್ಲ.

ಉಳ್ಳಾಗಡ್ಡಿಯ ವಿಷಯವನ್ನು ಅಧಿಕಾರಿಗಳು ಅರ್ಧ ನಿಮಿಷದಲ್ಲಿ ಮುಗಿಸಿದರು, ಅದು ಬುದ್ಧಿವಂತಿಕೆಯ ಕೆಲಸ. ಧಾರವಾಡ, ಗದಗ ಭಾಗದ ಮುಂಗಾರಿ ಗಡ್ಡಿ ಮಾರುಕಟ್ಟೆಗೆ ಬರಲು ತೊಡಗುವ ಸೆಪ್ಟೆಂಬರಿನಲ್ಲೇ 2019ರಲ್ಲೊಮ್ಮೆ, 2020ರಲ್ಲಿ ಇನ್ನೊಮ್ಮೆ ರಫ್ತು ನಿಷೇಧವಾಯಿತು. 2023ರ ಆಗಸ್ಟಿನಲ್ಲಿ ಶೇ 40ರ ರಫ್ತು ಸುಂಕ ಬಂದಿತು, ಅದೂ ಸಾಲದೆಂದು ಡಿಸೆಂಬರಿನಲ್ಲಿ ಪೂರ್ತಿ ನಿಷೇಧವೇ ಬಂದು 2024ರ ಮೇವರೆಗೆ ಕುಳಿತಿತು. ಒಂದು ಕೈಯಿಂದ ‘ಪ್ರತಿ ಜಿಲ್ಲೆಯೂ ರಫ್ತು ಕೇಂದ್ರ’ ಎಂಬ ಫಲಕ ಕಟ್ಟುತ್ತ ಇನ್ನೊಂದು ಕೈಯಿಂದ ಬಾಗಿಲಿಗೆ ಅಗಳಿ ಹಾಕುವ ಈ ಕಸರತ್ತಿಗೆ ‘ದೀರ್ಘಕಾಲೀನ ಪ್ರವೃತ್ತಿ’ ಎಂಬ ಹೆಸರು ನಿಜಕ್ಕೂ ಒಪ್ಪುತ್ತದೆ, ಏಕೆಂದರೆ ರೂಢಿಯಾದದ್ದು ಇದೊಂದೇ.

ಪ್ರಶ್ನೋತ್ತರಕ್ಕೆ ಐದು ನಿಮಿಷ ಉಳಿದಿತ್ತು. ಹಿಂದಿನ ಸಾಲಿನಿಂದ ಕುಂದಗೋಳ ಕಡೆಯ ಹಿರಿಯರೊಬ್ಬರು ಎದ್ದು, ಬಾಣದ ಕುರಿತು ಏನೂ ಕೇಳದೆ, ಕೈಗೆ ಕೊಟ್ಟಿದ್ದ ಬಣ್ಣದ ಕಿರುಹೊತ್ತಿಗೆಯ ಮುಖಪುಟ ತೋರಿಸಿದರು. “ಸಾಹೇಬ್ರ, ಈ ಚಿತ್ರದಾಗಿನ ಕಾಯಿ ನಮ್ಮದಲ್ಲರಿ. ನಮ್ಮ ಕಾಯಿಗೆ ನಿರಿಗಿ ಇರತಾವು. ಇದು ನುಣ್ಣಗೈತಿ, ಗುಂಟೂರಿಂದು.” ಸಭೆಯಲ್ಲಿ ಸ್ವಲ್ಪ ಹೊತ್ತು ಕಾಗದ ಮಗುಚುವ ಸದ್ದು ಮಾತ್ರ ಕೇಳಿಸಿತು.

ಅವರು ಅಂಗಿಯ ಕಿಸೆಯಿಂದ ಸುಕ್ಕುಗಟ್ಟಿದ ನಾಲ್ಕು ಕಡುಗೆಂಪು ಕಾಯಿ ತೆಗೆದು ಅಂಗೈಯಲ್ಲಿ ಹಿಡಿದರು; ಹೊಲದ ಕಪ್ಪು ಮಣ್ಣು ಆ ಕೈಯ ಗೆರೆಗಳಲ್ಲಿ ಇನ್ನೂ ಕೂತಿತ್ತು. ಅಧಿಕಾರಿಗಳು ಸಂತೋಷದಿಂದ ವೇದಿಕೆ ಇಳಿದು ಬಂದು, ಮುಂದಿನ ಆವೃತ್ತಿಗೆ ಈ ಚಿತ್ರವನ್ನೇ ಹಾಕುವುದಾಗಿ ಹೇಳಿ, ಮೊಬೈಲ್ ತೆರೆದರು.

“ಯಜಮಾನ್ರ, ಇವನ್ನ ಆ ಬಿಳಿ ತಟ್ಟಿಯೊಳಗ ಇಡ್ರಿ,” ಎಂದರು. “ಕೈ ಕಾಣಬಾರದು.”