ಪರ-ವಿರೋಧ: ನಮ್ಮ ಮನೆಯ ವೈಫೈ ಲೊಕೇಶನ್ ನಕ್ಷೆಯಲ್ಲಿ ಇರಬೇಕೇ?

ಯಾವ ವೈಫೈ ರೂಟರ್ ಎಲ್ಲಿದೆ ಎಂಬ ನಕ್ಷೆಯನ್ನು ಗೂಗಲ್, ಆಪಲ್ ತಮ್ಮ ಸರ್ವರುಗಳಲ್ಲಿ ಇಟ್ಟುಕೊಂಡಿವೆ; ಹಾದುಹೋಗುವ ಫೋನುಗಳ ವರದಿಯಿಂದ ಅದು ಬೆಳೆಯುತ್ತದೆ.

ಪರ: ಛಾವಣಿಯ ಕೆಳಗೆ ಬೇರೆ ದಾರಿಯಿಲ್ಲ

ಛಾವಣಿ ಅಡ್ಡ ಬಂದರೆ ಜಿಪಿಎಸ್ ಸೋಲುತ್ತದೆ. ಸುಮಾರು 20,000 ಕಿಲೋಮೀಟರ್ ಮೇಲಿನಿಂದ ಬರುವ ಸಿಗ್ನಲ್ ಬಯಲಲ್ಲೇ ಬಹಳ ಕ್ಷೀಣ. ಕಾಂಕ್ರೀಟಿನ ಎರಡು ಸ್ಲ್ಯಾಬ್ ದಾಟುವಷ್ಟರಲ್ಲಿ ಫೋನಿಗೆ ಉಪಯೋಗಕ್ಕೆ ಬರುವಂಥದ್ದು ಉಳಿಯುವುದೇ ಕಷ್ಟ. ಒಂದೇ ಮೊಬೈಲ್ ಟವರನ್ನು ನೆಚ್ಚಿಕೊಂಡರೆ ಬಡಾವಣೆ ಗೊತ್ತಾಗುತ್ತದೆ, ಮನೆ ಗೊತ್ತಾಗುವುದಿಲ್ಲ. 4ಜಿಯಲ್ಲಿ, ಸಿಗ್ನಲ್ ಹೋಗಿಬರುವ ಸಮಯದಿಂದ ದೂರ ಅಳೆಯುವ ಟೈಮಿಂಗ್ ಅಡ್ವಾನ್ಸ್‌ನ ಒಂದೊಂದು ಮೆಟ್ಟಿಲು ಸುಮಾರು 78 ಮೀಟರ್; ಅದೂ ಟವರಿನಿಂದ ಎಷ್ಟು ದೂರ ಎಂಬುದನ್ನಷ್ಟೇ ಹೇಳುತ್ತದೆ, ಯಾವ ದಿಕ್ಕು ಎಂದು ಹೇಳದು.

ಆ ಕೊರತೆ ತುಂಬುವುದು ವೈಫೈ. ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್ ಎಂಬ ‘ನಾನಿಲ್ಲಿದ್ದೇನೆ’ ಸಂಕೇತ ಬಿಡುತ್ತಿರುತ್ತದೆ. ಅದರೊಳಗೆ ಬಿಎಸ್‌ಎಸ್‌ಐಡಿ ಎಂಬ 12 ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಫೋನು ಕನೆಕ್ಟ್ ಆಗಬೇಕಿಲ್ಲ, ಪಾಸ್‌ವರ್ಡೂ ಬೇಡ. ಸುತ್ತಲಿನ ಐದಾರು ರೂಟರುಗಳ ಗುರುತು ಮತ್ತು ಸಿಗ್ನಲ್ ಬಲವನ್ನು ಆ ನಕ್ಷೆಯ ಸರ್ವರಿಗೆ ಕಳಿಸಿದರೆ, ದಟ್ಟ ನಗರದಲ್ಲಿ ಕೆಲವು ಹತ್ತು ಮೀಟರಿನೊಳಗೆ ಜಾಗ ತಿಳಿಯುತ್ತದೆ. ಯಾವ ಮಹಡಿ ಎಂದು ನಿಖರವಾಗಿ ಹೇಳದು, ನಿಜ. ಆದರೆ 112ಕ್ಕೆ ಕರೆ ಮಾಡಿದವರಿಗೆ ಮಾತೇ ಹೊರಡದಿದ್ದಾಗ, ಆಂಬುಲೆನ್ಸ್ ಯಾವ ಗಲ್ಲಿಗೆ ತಿರುಗಬೇಕು ಎಂಬುದಾದರೂ ತಿಳಿಯಬೇಡವೇ? ವೈಫೈ ಎಂದೊಡನೆ ಮನೆಯೊಳಗಿನ ಮಾತೇ ಹೊರಬಿತ್ತೆಂದು ಹೆದರುವವರು ಒಂದು ತಿಳಿಯಬೇಕು: ನಕ್ಷೆಗೆ ಹೋಗುವುದು ಪೆಟ್ಟಿಗೆಯ ಗುರುತು, ನೀವು ನೋಡುವ ವಿಡಿಯೋ ಅಲ್ಲ.

ವಿರೋಧ: ಪೆಟ್ಟಿಗೆಯ ಗುರುತೇ ಮನೆಯ ಗುರುತು

ರೂಟರನ್ನು ತಿರುಗಿಸಿ ತಳದ ಸ್ಟಿಕ್ಕರ್ ನೋಡಿ. ಅಲ್ಲಿ ಮ್ಯಾಕ್ ವಿಳಾಸ, ಅಂದರೆ ಆ ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು, ಅಚ್ಚಾಗಿದೆ. ಬಿಎಸ್‌ಎಸ್‌ಐಡಿ ಸಾಮಾನ್ಯವಾಗಿ ಅದೇ, ಇಲ್ಲವೇ ಒಂದೆರಡು ಅಂಕಿ ಆಚೀಚೆ. ಈಗಿನ ಫೋನುಗಳು ತಮ್ಮ ಮ್ಯಾಕ್ ವಿಳಾಸವನ್ನು ನೆಟ್‌ವರ್ಕಿಗೊಂದರಂತೆ ಬದಲಿಸುತ್ತವೆ. ಮನೆಯ ರೂಟರುಗಳಲ್ಲಿ ಬಹುಪಾಲು ಹಾಗೆ ಮಾಡುವುದಿಲ್ಲ. ಮನೆ ಬದಲಿಸುವಾಗ ಅದೇ ಪೆಟ್ಟಿಗೆ ನಿಮ್ಮ ಸಾಮಾನಿನ ಜೊತೆ ಹೊರಡುತ್ತದೆ. ಮೊದಲ ಕೆಲವು ದಿನ ಫೋನಿನ ನಕ್ಷೆ ಹಳೇ ಮನೆಯನ್ನೇ ತೋರಿಸಬಹುದು. ಆಮೇಲೆ ಹಾದುಹೋಗುವ ಫೋನುಗಳು ಹೊಸ ಜಾಗವನ್ನು ವರದಿ ಮಾಡುತ್ತವೆ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಊರು ಬಿಟ್ಟ ಹೆಣ್ಣುಮಗಳೊಬ್ಬಳು ಆ ರೂಟರನ್ನು ಒಯ್ದಿದ್ದರೆ? ಆ 12 ಅಂಕಿ-ಅಕ್ಷರ ಗಂಡನಿಗೆ ಗೊತ್ತಿದ್ದರೆ ಸಾಕು.

ಇದು ಬರಿ ಊಹೆಯಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಇದನ್ನು ಮಾಡಿಯೇ ತೋರಿಸಿದರು. ಆಪಲ್‌ನ ಸರ್ವರನ್ನು ಒಂದು ರೂಟರಿನ ಬಗ್ಗೆ ಕೇಳಿದರೆ ಅಕ್ಕಪಕ್ಕದ 400ರವರೆಗಿನ ರೂಟರುಗಳ ಜಾಗವನ್ನೂ ಕೊಡುತ್ತಿತ್ತು. ಹಾಗೆ ಕೇಳಿ ಕೇಳಿ ಅವರು ಜಗತ್ತಿನಾದ್ಯಂತ 200 ಕೋಟಿಗೂ ಹೆಚ್ಚು ರೂಟರುಗಳ ಜಾಗ ಕಲೆಹಾಕಿದರು. ಯುದ್ಧದ ನಡುವೆ ಉಕ್ರೇನಿನಲ್ಲಿ, ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಸಾಧನಗಳು ಎಲ್ಲಿಂದ ಎಲ್ಲಿಗೆ ಸರಿದವು ಎಂಬುದೂ ಅದರಲ್ಲಿ ಕಂಡಿತು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಬೇಡವೆಂದು ಹೇಳುವ ಹೊರೆಯನ್ನು ಮಾತ್ರ ನನ್ನ ತಲೆಗೆ ಕಟ್ಟಿದ್ದಾರೆ. ತುರ್ತು ಕರೆಯ ಮಾತಿಗೆ ಬಂದರೆ, ಬೀದಿಯ ಅಂಗಡಿ, ಕಚೇರಿಗಳ ರೂಟರುಗಳು ಇದ್ದೇ ಇವೆ.

ಬೇಡವೆನ್ನುವುದು ಹೀಗೆ: ರೂಟರಿನ ಸೆಟ್ಟಿಂಗ್ಸಿನಲ್ಲಿ ವೈಫೈ ಹೆಸರಿನ ಕಟ್ಟಕಡೆಗೆ ಒಂದು ಅಂಡರ್‌ಸ್ಕೋರ್, ಅದಕ್ಕಂಟಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಎನ್, ಒ, ಎಂ, ಎ, ಪಿ. ನಡುವೆ ಜಾಗ ಬಿಡಬಾರದು. ಗೂಗಲ್ 2011ರಿಂದ ಇದನ್ನು ಮನ್ನಿಸುತ್ತದೆ, ಆಪಲ್ 2024ರಿಂದ. 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ, ಗೆಸ್ಟ್ ನೆಟ್‌ವರ್ಕ್ ಇದ್ದರೆ ಅದಕ್ಕೂ ಸೇರಿಸಿ; ಒಂದನ್ನು ಮರೆತರೆ ಕೆಲಸ ಕೆಟ್ಟಂತೆ. ಹೆಸರನ್ನು ಅಡಗಿಸಿಟ್ಟರೆ ಸಾಲದು, ಬೀಕನ್ ಮತ್ತು ಬಿಎಸ್‌ಎಸ್‌ಐಡಿ ಹೊರಡುತ್ತಲೇ ಇರುತ್ತವೆ. ಹೆಸರು ಬದಲಾದ ಮೇಲೆ ಟಿವಿ, ಸಿಸಿ ಕ್ಯಾಮೆರಾ, ಪ್ರಿಂಟರ್ ಎಲ್ಲವನ್ನೂ ಮತ್ತೆ ಜೋಡಿಸಬೇಕು. ಕನ್ನಡದಲ್ಲಿ ಹೆಸರಿಟ್ಟವರು ಲೆಕ್ಕ ನೋಡಿಕೊಳ್ಳಿ: ಹೆಸರಿಗೆ ಒಟ್ಟು 32 ಬೈಟ್, ಕನ್ನಡದ ಒಂದು ಅಕ್ಷರಕ್ಕೆ 3, ಅದರ ಕೊಂಬು-ದೀರ್ಘಕ್ಕೆ ಮತ್ತೆ 3. ಈ ಬಾಲಕ್ಕೆ 6 ಹೋದರೆ ಉಳಿಯುವುದು 26.